ಶಾಲು ಹೊದಿಸುವ ಮುನ್ನ



ಕಳೆದ ಶ್ರಾವಣದಲ್ಲಿ ನಮ್ಮ ಭಾಗದ ಮಠವೊಂದರಲ್ಲಿ ಒಂದು ತಿಂಗಳ ಪ್ರವಚನ ನಡೆಯಿತು. ಮಂಗಲದ ದಿನ ದಾಸೋಹಕ್ಕೆ ದವಸ ಕೊಟ್ಟವರು, ಅಡುಗೆ ಮಾಡಿದ ತಾಯಂದಿರು, ಪೆಂಡಾಲು ಹಾಕಿದ ಹುಡುಗರು, ಹೀಗೆ 120 ಜನರಿಗೆ ಶಾಲು ಹೊದಿಸಿ ಗೌರವಿಸಬೇಕೆಂದು ಸಮಿತಿ ತೀರ್ಮಾನಿಸಿತು. ನಿವೃತ್ತ ಎಂಜಿನಿಯರ, ಲೆಕ್ಕ ಸರಿ ಇಡುತ್ತಾನೆ ಎಂಬ ನಂಬಿಕೆಯಿಂದ ಖರೀದಿಯ ಹೊಣೆಯನ್ನು ನನಗೆ ವಹಿಸಿದರು. ಗುಂಜಿಯಿಂದ ರೈಲು ಹತ್ತಿ ಬೆಳಗಾವಿಗೆ ಹೋದೆ. ಒಂದು ಅಂಗಡಿಯಲ್ಲಿ ‘ಖಾದಿ’ ಎಂದು ಚೀಟಿ ಅಂಟಿಸಿದ ಶಾಲುಗಳಿದ್ದವು. ಚೀಟಿಯ ಮೇಲೆ ಚರಕದ ಚಿತ್ರ, ಪಕ್ಕದಲ್ಲಿ ಒಂದು ಹಸಿರು ಎಲೆ. “ಪ್ಯೂರ್ ಕಾಟನ್ ರೀ ಸರ, ಮಠಕ್ಕಂತ ರೇಟ್ ಕಡಿಮಿ ಮಾಡೀನಿ” ಎಂದರು ಅಂಗಡಿಯವರು. ಒಂದಕ್ಕೆ 95 ರೂಪಾಯಿ. 11,400 ರೂಪಾಯಿಯ ಬಿಲ್ಲು ಮಾಡಿಸಿ, ಮಠದ ದುಡ್ಡು ಉಳಿಸಿದೆನೆಂಬ ಹೆಮ್ಮೆಯಿಂದ ಗಂಟು ಹೊತ್ತು ಬಂದೆ.

ಮನೆಯಲ್ಲಿ ಶಾಲನ್ನು ಬೆರಳಿನಲ್ಲಿ ತಿಕ್ಕಿ ನೋಡಿದ ನಮ್ಮ ಮನೆಯವರು ಮಾತಾಡದೆ ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರು. ಹತ್ತಿಯಾದರೆ ಕಾಗದದಂತೆ ಉರಿದು, ಮುಟ್ಟಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ. ಇದು ಮುದುಡಿತು, ಕರಗಿತು, ತುದಿಯಲ್ಲಿ ಸಾಸಿವೆಯಷ್ಟು ಕಪ್ಪು ಮಣಿಯಾಗಿ ಗಟ್ಟಿಯಾಯಿತು. “ಇದು ಹತ್ತಿ ಅಲ್ಲರೀ, ಪ್ಲಾಸ್ಟಿಕ್” ಎಂದರು. ಮರುದಿನವೇ ಮಂಗಲ. ಆ ಶಾಲುಗಳನ್ನೇ ಹೊದಿಸಿದೆವು. ಕಾಯಕದ ಮಹತ್ವವನ್ನು ತಿಂಗಳಿಡೀ ಕೇಳಿದ ಜನಕ್ಕೆ ಯಾವ ಕೈಯೂ ನೂಲದ, ಯಾವ ಕೈಯೂ ನೇಯದ ಬಟ್ಟೆಯನ್ನು ಖಾದಿ ಎಂದು ಹೊದಿಸಿದ ಆ ಹೊತ್ತಿನ ಮುಜುಗರವೇ ಈ ಸಂಪಾದಕೀಯಕ್ಕೆ ಕಾರಣ.

ಅಂಗಡಿಯವರನ್ನು ದೂರಿ ಸುಮ್ಮನಾಗಬಹುದಿತ್ತು. ಆದರೆ ನೀರಾವರಿ ಇಲಾಖೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದ ನನಗೆ ಕ್ಷಮೆ ಇಲ್ಲ. ಗುತ್ತಿಗೆದಾರನೊಬ್ಬ ದರಪಟ್ಟಿಗಿಂತ ತೀರ ಕಡಿಮೆಗೆ ಟೆಂಡರ್ ಹಾಕಿದರೆ ನಾವು ಸಂತೋಷಪಡುತ್ತಿರಲಿಲ್ಲ, ಹೆದರುತ್ತಿದ್ದೆವು. ‘ದರ ವಿಶ್ಲೇಷಣೆ ಕೊಡಿ’ ಎಂದು ಪತ್ರ ಬರೆಯುತ್ತಿದ್ದೆವು. ಸಿಮೆಂಟಿನಲ್ಲಿ ಕಡಿತವೋ, ಕಬ್ಬಿಣದಲ್ಲೋ, ಕೂಲಿಯಲ್ಲೋ, ಎಲ್ಲೋ ಒಂದು ಕಡೆ ಅವನು ಉಳಿಸಲೇಬೇಕು. ಆ ಪ್ರಶ್ನೆಯನ್ನು ಶಾಲಿಗೆ ನಾನು ಕೇಳಲಿಲ್ಲ. ಈಗ ಕೇಳೋಣ.

ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಶಾಲು. ಇಂಚಿಗೆ 40 ಎಳೆ ಹಾಸು, 40 ಎಳೆ ಹೊಕ್ಕು ಎಂದು ಹಿಡಿಯೋಣ. ಅಗಲದಲ್ಲಿ ಸುಮಾರು 1,575 ಎಳೆಗಳು, ಒಂದೊಂದೂ ಎರಡು ಮೀಟರ್, ಅಲ್ಲಿಗೆ 3,150 ಮೀಟರ್ ನೂಲು. ಹೊಕ್ಕಿಗೂ ಅಷ್ಟೇ. ಒಟ್ಟು 6,300 ಮೀಟರ್. ಖಾದಿಯ ಲೆಕ್ಕದಲ್ಲಿ ಸಾವಿರ ಮೀಟರಿಗೆ ಒಂದು ಲಡಿ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2025ರ ಏಪ್ರಿಲ್‌ನಿಂದ ನೂಲುವವರಿಗೆ ಲಡಿಗೆ 15 ರೂಪಾಯಿ ಕೂಲಿ ನಿಗದಿ ಮಾಡಿದೆ. 6.3 ಲಡಿಗೆ 94 ರೂಪಾಯಿ 50 ಪೈಸೆ. ನಾನು ಶಾಲಿಗೆ ಕೊಟ್ಟದ್ದು 95. ಉಳಿದ ಐವತ್ತು ಪೈಸೆಯಲ್ಲಿ ಹತ್ತಿ ಬೆಳೆದ ರೈತ, ಹಂಜಿ ಮಾಡಿದವರು, ನೇಯ್ದವರು, ಬಣ್ಣ ಹಾಕಿದವರು, ಸಾಗಿಸಿದವರು, ಅಂಗಡಿಯವರು ಎಲ್ಲರೂ ಬದುಕಬೇಕು! ಕಾಗದದ ಮೇಲೆ ಐದು ನಿಮಿಷದ ಕೆಲಸ. ಇದನ್ನು ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಮಾಡಬಹುದಿತ್ತು.

ಇನ್ನು ಆ ಹಸಿರು ಎಲೆಯ ವಿಷಯ. ಇವತ್ತು ಬೆಳಗಾವಿಯ ಮಾಲ್‌ಗಳಲ್ಲಿ, ನಮ್ಮ ಮಕ್ಕಳ ಮೊಬೈಲ್‌ಗಳಲ್ಲಿ ಬರುವ ಬಟ್ಟೆಯ ಬ್ರ್ಯಾಂಡುಗಳೆಲ್ಲ ತಾವು ಪರಿಸರಸ್ನೇಹಿ, ತಾವು ನೀತಿವಂತರು ಎನ್ನುತ್ತವೆ. ಇರಬಹುದು. ಆದರೆ ಹಾಗೆಂದು ಅಳತೆ ಮಾಡಿದವರು ಯಾರು? ಇಲಾಖೆಯಲ್ಲಿ ಅಳತೆ ಪುಸ್ತಕಕ್ಕೆ ಸಹಿ ಬೀಳದೆ ಬಿಲ್ಲು ಪಾಸಾಗುತ್ತಿರಲಿಲ್ಲ, ಮತ್ತು ಗುತ್ತಿಗೆದಾರನೇ ತನ್ನ ಕೆಲಸವನ್ನು ಅಳೆದುಕೊಳ್ಳುವಂತಿರಲಿಲ್ಲ. ಬಟ್ಟೆಯ ಲೋಕದಲ್ಲಿ ಬಹಳಷ್ಟು ಕಡೆ ಅಳೆಯುವವನಿಗೆ ಸಂಬಳ ಕೊಡುವವನು ಅಳೆಸಿಕೊಳ್ಳುವವನೇ. ತಪಾಸಣೆಗೆ ಬರುವ ದಿನವೂ ಮೊದಲೇ ಗೊತ್ತಿರುತ್ತದೆ. ಮುಖ್ಯ ಎಂಜಿನಿಯರ್ ಸಾಹೇಬರು ಬರುತ್ತಾರೆಂದರೆ ಹಿಂದಿನ ರಾತ್ರಿಯೇ ಕಾಲುವೆ ದಂಡೆಯ ಕಿಲೋಮೀಟರ್ ಕಲ್ಲುಗಳಿಗೆಲ್ಲ ಸುಣ್ಣ ಬಳಿಸುತ್ತಿದ್ದವರು ನಾವು. ಅದು ಹೇಗೆ ನಡೆಯುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಕರಾಚಿಯ ಆಲಿ ಎಂಟರ್‌ಪ್ರೈಸಸ್ ಎಂಬ ಸಿದ್ಧ ಉಡುಪು ಕಾರ್ಖಾನೆಗೆ 2012ರಲ್ಲಿ ‘ಎಸ್‌ಎ 8000’ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು. ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 11ರಂದು, ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಮರುವರ್ಷ ಏಪ್ರಿಲ್ 24ರಂದು ಢಾಕಾ ಹತ್ತಿರದ ರಾಣಾ ಪ್ಲಾಜಾ ಕುಸಿಯಿತು. ಸತ್ತವರು 1,134. ಎಂಜಿನಿಯರನಾಗಿ ಆ ಕಟ್ಟಡದ ಕಥೆಯನ್ನು ನಾನು ಮರೆಯಲಾರೆ. ಅನುಮತಿ ಇಲ್ಲದೆ ಮೇಲೆ ಮೇಲೆ ಮಹಡಿ ಏರಿಸಿದ್ದರು, ಅಂಗಡಿಗಳಿಗೆಂದು ಕಟ್ಟಿದ ಕಡೆ ಭಾರದ ಯಂತ್ರ, ಜನರೇಟರ್ ಇಟ್ಟಿದ್ದರು. ಹಿಂದಿನ ದಿನ ಕಂಬಗಳಲ್ಲಿ ಬಿರುಕು ಕಂಡಿತು. ಕೆಳಗಿನ ಬ್ಯಾಂಕಿನವರು ತಮ್ಮ ಸಿಬ್ಬಂದಿಯನ್ನು ಮನೆಗೆ ಕಳಿಸಿದರು. ಹೊಲಿಯುವ ಹೆಣ್ಣುಮಕ್ಕಳನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಿಕೊಂಡರು. ಅಲ್ಲಿ ಹೊಲಿಸುತ್ತಿದ್ದ ಬ್ರ್ಯಾಂಡುಗಳಿಗೆ ನೀತಿಸಂಹಿತೆ ಇರಲಿಲ್ಲವೇ? ಇತ್ತು. ಒಳಗಿನ ಕೆಲವು ಕಾರ್ಖಾನೆಗಳ ತಪಾಸಣೆಯೂ ಆಗಿತ್ತು. ಕಂಬವನ್ನು ಯಾರೂ ನೋಡಿರಲಿಲ್ಲ.

ದೂರದ ಮಾತು ಸಾಕು. ಶ್ರೀರಂಗಪಟ್ಟಣಕ್ಕೆ ಬನ್ನಿ. ಅಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಘಟಕವೊಂದು ಎಚ್ ಅಂಡ್ ಎಂ ಎಂಬ ಸ್ವೀಡನ್ನಿನ ಬ್ರ್ಯಾಂಡಿಗೆ ಬಟ್ಟೆ ಹೊಲಿಯುತ್ತಿತ್ತು. ಕೆಲಸಗಾರರು ಸುಮಾರು 1,200, ಹೆಚ್ಚಿನವರು ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು. ಅವರಿಗೊಂದು ಕಾರ್ಮಿಕ ಸಂಘವೂ ಇತ್ತು. 2020ರ ಜೂನ್‌ನಲ್ಲಿ, ಕೊರೊನಾ ಕಾಲದಲ್ಲಿ, ಆರ್ಡರ್ ಇಲ್ಲವೆಂದು ಕಾರ್ಖಾನೆ ಮುಚ್ಚಿತು. ಆ ತಾಯಂದಿರು ಗೇಟಿನ ಬಳಿ ವಾರಗಟ್ಟಲೆ ಧರಣಿ ಕೂತರು. ಸುದ್ದಿ ಹೊರದೇಶಗಳಿಗೆ ಮುಟ್ಟಿತು, ಬ್ರ್ಯಾಂಡಿನ ಮೇಲೆ ಒತ್ತಡ ಬಂತು. ಕೊನೆಗೆ 2021ರ ಫೆಬ್ರವರಿಯಲ್ಲಿ, ಕೆಲಸ ಕಳೆದುಕೊಂಡವರನ್ನು ಮತ್ತೆ ತೆಗೆದುಕೊಳ್ಳುವ ಒಪ್ಪಂದಕ್ಕೆ ಸಂಘ ಮತ್ತು ಕಂಪನಿ ಸಹಿ ಹಾಕಿದವು. ಆ ಬ್ರ್ಯಾಂಡಿನ ಸುಸ್ಥಿರತೆಯ ವರದಿಗಳು ಪ್ರತಿವರ್ಷ ಬರುತ್ತವೆ, ಹೊಳಪು ಕಾಗದದ ಮೇಲೆ ಅಚ್ಚುಕಟ್ಟಾಗಿರುತ್ತವೆ. ಆದರೆ ಬ್ರ್ಯಾಂಡಿನ ನೀತಿ ಏನೆಂದು ತಿಳಿದದ್ದು ಗೇಟಿನ ಮುಂದೆ ಕೂತ ಹೆಣ್ಣುಮಕ್ಕಳಿಂದ. ಹಾಗಾಗಿ ನನ್ನ ಮಟ್ಟಿಗೆ ಮೊದಲ ಪ್ರಶ್ನೆ ಇದು: ಈ ಬಟ್ಟೆ ಹೊಲಿದ ಕಾರ್ಖಾನೆಯ ಹೆಸರನ್ನು ಬ್ರ್ಯಾಂಡು ಬಹಿರಂಗವಾಗಿ ಹೇಳುತ್ತದೆಯೇ, ಮತ್ತು ಅಲ್ಲಿ ಕೆಲಸಗಾರರು ಸಂಘ ಕಟ್ಟಬಹುದೇ? ಹೆಸರು ಹೇಳಿದರೆ ಕೇಳುವುದಕ್ಕೊಂದು ಗೇಟು ಸಿಗುತ್ತದೆ. ಹೇಳದವರ ಎಲೆ, ಬಳ್ಳಿ, ಹೂವು ಎಲ್ಲ ಬರೀ ಅಲಂಕಾರ.

ಎರಡನೆಯ ಪ್ರಶ್ನೆ ಬಣ್ಣದ ನೀರಿನದು. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ಎಂಬ ನದಿ ಇದೆ. ಅದಕ್ಕೆ ಒರತ್ತುಪಾಳಯಂನಲ್ಲಿ 1992ರಲ್ಲಿ ನೀರಾವರಿಗೆಂದು ಅಣೆಕಟ್ಟು ಕಟ್ಟಿದರು. ತಿರುಪ್ಪೂರಿನ ಬನಿಯನ್ ಉದ್ಯಮ ಬೆಳೆದಂತೆ ಬಣ್ಣದ ಕಾರ್ಖಾನೆಗಳ ಉಪ್ಪು ನೀರು ಅದೇ ಜಲಾಶಯಕ್ಕೆ ಬಂದು ನಿಂತಿತು. ಕೆಲವೇ ವರ್ಷಗಳಲ್ಲಿ ಕೆಳಗಿನ ರೈತರು ‘ನಮಗೆ ನೀರು ಬಿಡಬೇಡಿ’ ಎಂದು ಕೇಳುವ ಸ್ಥಿತಿ ಬಂತು. ರೈತ ನೀರು ಬೇಡ ಎನ್ನುವುದನ್ನು ನಮ್ಮ ಮಲಪ್ರಭಾ ಯೋಜನೆಯಲ್ಲಿ ನಾನು ಒಂದು ದಿನವೂ ಕೇಳಿರಲಿಲ್ಲ. ಕಾಲುವೆಯ ಕೊನೆಯ ಭಾಗದವರು ನೀರಿಗಾಗಿ ನಮ್ಮ ಜೀಪಿಗೆ ಅಡ್ಡ ಮಲಗಿದ್ದುಂಟು. ಕಡೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಆಮೇಲೆ ಹೊಲಸು ನೀರನ್ನು ಪೂರ್ತಿ ಶುದ್ಧ ಮಾಡಿ ಮರುಬಳಕೆ ಮಾಡುವ ವ್ಯವಸ್ಥೆ ಬಂತು. ಅದಕ್ಕೆ ಖರ್ಚಿದೆ. ಐವತ್ತು ರೂಪಾಯಿಯ ಬನಿಯನ್ ಕೊಳ್ಳುವವರು ಆ ಖರ್ಚನ್ನು ಯಾರು ಕೊಟ್ಟರೆಂದು ಕೇಳಬೇಕು.

“ಹಾಗಾದರೆ ಖಾದಿ ಕೊಂಡರೆ ಮುಗಿಯಿತಲ್ಲ” ಎಂದು ಹಿರಿಯರೊಬ್ಬರು ನನಗೆ ಹೇಳಿದರು. ಅಷ್ಟು ಸುಲಭವಿಲ್ಲ, ಅಜ್ಜಾರೆ. ಖಾದಿ ಎಂದು ಮಾರಬೇಕಾದರೆ ‘ಖಾದಿ ಮಾರ್ಕ್’ ಬೇಕೆಂದು 2013ರಿಂದ ನಿಯಮವಿದೆ. ಆದರೂ ಮುಂಬಯಿಯ ಡಿ.ಎನ್. ರಸ್ತೆಯ ಅಷ್ಟು ಹಳೆಯ ಖಾದಿ ಎಂಪೋರಿಯಂ ಖಾದಿಯಲ್ಲದ್ದನ್ನು ಮಾರುತ್ತಿತ್ತೆಂದು ಅದನ್ನು ನಡೆಸುತ್ತಿದ್ದ ಸಂಸ್ಥೆಯ ಪ್ರಮಾಣಪತ್ರವನ್ನು ಆಯೋಗವೇ 2022ರಲ್ಲಿ ರದ್ದು ಮಾಡಿತು. ನಿಜವಾದ ಖಾದಿಯಲ್ಲೂ ನೂಲುವ ತಾಯಿಯ ಪಾಲು ನೋಡಿ. 2023ರ ಏಪ್ರಿಲ್‌ಗೆ ಮೊದಲು ಲಡಿಗೆ ಏಳೂವರೆ ರೂಪಾಯಿ ಇತ್ತು, ಈಗ ಅದು ದುಪ್ಪಟ್ಟಾಗಿದೆ, ಸಂತೋಷ. ಆದರೆ ದಿನಕ್ಕೆ 20 ಲಡಿ ನೂತರೂ 300 ರೂಪಾಯಿ. ಅದೇ 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370. ಮಣ್ಣು ಅಗೆಯುವುದಕ್ಕಿಂತ ನೂಲುವ ಕಾಯಕ ಕೀಳೇ? ಕದಿರ ರೆಮ್ಮವ್ವೆ ಕೂತಿದ್ದ ಅನುಭವ ಮಂಟಪದ ಹೆಸರು ಹೇಳುವ ನಾವು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ. ಅದಕ್ಕೆಂದು ಖಾದಿ ಬಿಡಬೇಕಿಲ್ಲ. ಸಂಘದ ಪಡಸಾಲೆಗೆ ಹೋದಾಗ “ಕೂಲಿ ಏನು ಕೊಡತೀರಿ, ಯಾವಾಗ ಕೊಡತೀರಿ” ಎಂದು ಕೇಳಿದರೆ ಸಾಕು. ಬಾಕಿ ಉಳಿದಿದ್ದರೆ ಸರ್ಕಾರದ ಸಹಾಯಧನ ಬರಲಿಲ್ಲವೆಂಬ ಉತ್ತರ ಬರಬಹುದು. ಆಗ ಸರ್ಕಾರವನ್ನು ಕೇಳುವ ಬಾಯಿ ನಮ್ಮ ಮಠಗಳಿಗಿದೆ.

ಬೆಳಗಾವಿ ಜಿಲ್ಲೆಯವರಿಗೆ ಈ ವಿಷಯದಲ್ಲಿ ಒಂದು ಹೆಚ್ಚಿನ ಹೊಣೆ ಇದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರಲ್ಲಿ ನಡೆದದ್ದು ಇಲ್ಲಿ. ಗಂಗಾಧರರಾವ್ ದೇಶಪಾಂಡೆಯವರ ಹುದಲಿಗೆ 1937ರ ಏಪ್ರಿಲ್‌ನಲ್ಲಿ ಗಾಂಧೀಜಿ ಬಂದು ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕೆ ಕೂತರು. ಆ ಹುದಲಿಯ ಖಾದಿ ಇವತ್ತಿಗೂ ಇದೆ. ಪಕ್ಕದ ಧಾರವಾಡ ಜಿಲ್ಲೆಯ ಗರಗದಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯ್ದರು, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜವನ್ನೇ ಹೊಲಿಯುತ್ತಾರೆ. ನನ್ನಂಥವರಿಗೆ ಹಿಡಿಸುವ ಒಂದು ಸಂಗತಿ ಹೇಳುತ್ತೇನೆ. ಸಿಮೆಂಟು, ಕಬ್ಬಿಣ, ಇಟ್ಟಿಗೆ, ಎಲ್ಲದಕ್ಕೂ ಭಾರತೀಯ ಮಾನಕಗಳಿವೆ, ಅವುಗಳ ನಂಬರುಗಳನ್ನು ಬಾಯಿಪಾಠ ಮಾಡಿ ನಾವು ನೌಕರಿ ಮಾಡಿದವರು. ಆ ಸಾವಿರಾರು ಮಾನಕಗಳಲ್ಲಿ ನಂಬರ್ ಒಂದು, ‘ಐಎಸ್ 1’, 1951ರದ್ದು, ರಾಷ್ಟ್ರಧ್ವಜದ್ದು. ನೂಲು, ನೇಯ್ಗೆ, ಅಳತೆ, ಬಣ್ಣ ಬಿಡುವುದೋ ಇಲ್ಲವೋ, ಎಲ್ಲಕ್ಕೂ ಅದರಲ್ಲಿ ಲೆಕ್ಕವಿದೆ. ಬೆಂಗೇರಿಯ ಧ್ವಜ ಆ ಪರೀಕ್ಷೆಯಲ್ಲಿ ಗೆದ್ದು ಬರುವ ಧ್ವಜ. ಒಂದು ಬಟ್ಟೆಯನ್ನು ಹೊರಗಿನವರು ನಿಂತು ಅಳೆಯುವುದೆಂದರೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ, ಪಾಲಿಯೆಸ್ಟರಿನ ಧ್ವಜಕ್ಕೂ ಅನುಮತಿ ಸಿಕ್ಕಿತು. ಬೆಂಗೇರಿಯವರು ವಿರೋಧಿಸಿದರು. ಮರುವರ್ಷದ ಆಗಸ್ಟ್‌ನಲ್ಲಿ ಮನೆಮನೆಗೂ ಬಂದ ಅಗ್ಗದ ಧ್ವಜಗಳನ್ನು ನೀವೂ ಕಂಡಿದ್ದೀರಿ. ಬೆಂಗೇರಿಯ ಕೆಲಸದ ಗುಣಮಟ್ಟ ಆ ದಿನ ಒಂದು ನೂಲಿನಷ್ಟೂ ಇಳಿದಿರಲಿಲ್ಲ. ಬದಲಾದವನು ಕೊಳ್ಳುವವನು.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯಲ್ಲಿರುವ ‘ಚರಕ’ದ ಕಥೆಯೂ ಇದನ್ನೇ ಹೇಳುತ್ತದೆ. ರಂಗಕರ್ಮಿ ಪ್ರಸನ್ನರ ಜೊತೆ ಹಳ್ಳಿಯ ಹೆಣ್ಣುಮಕ್ಕಳು ಕಟ್ಟಿದ ಸಹಕಾರ ಸಂಘವದು. ಕೈಮಗ್ಗದಲ್ಲಿ ನೇಯ್ಗೆ, ನೈಸರ್ಗಿಕ ಬಣ್ಣ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರೇ ಅವರ ಕೆಂಪು. ಮಾರಾಟಕ್ಕೆ ‘ದೇಸಿ’ ಅಂಗಡಿಗಳು. ನಾನು ಮೇಲೆ ಕೇಳಿದ ಪ್ರಶ್ನೆಗಳನ್ನೆಲ್ಲ ಕೇಳಿ ನೋಡಿ: ಯಾರು ನೇಯ್ದರು, ಸಂಘ ಯಾರದ್ದು, ಬಣ್ಣ ಯಾವುದು, ಎಲ್ಲಕ್ಕೂ ಉತ್ತರವಿದೆ. ಕೈಯಿಂದ ಮಾಡಿದ ವಸ್ತುವಿಗೆ ಜಿಎಸ್‌ಟಿ ಇರಬಾರದೆಂದು 2017ರಲ್ಲಿ ಪ್ರಸನ್ನರು ಕರನಿರಾಕರಣೆಯ ಸತ್ಯಾಗ್ರಹವನ್ನೂ ಮಾಡಿದರು. ಅಂಥ ಚರಕ 2020ರಲ್ಲಿ ತಾನು ದಿವಾಳಿಯಾಗಿರುವುದಾಗಿ ತಾನೇ ಸಾರಿತು. ನೀತಿಯ ಪರೀಕ್ಷೆಯಲ್ಲಿ ಪಾಸಾದ ಬ್ರ್ಯಾಂಡು ಪೇಟೆಯಲ್ಲಿ ಬಿದ್ದಿತು. ನಮ್ಮ ಮಠಗಳು ವರ್ಷಕ್ಕೆ ಎಷ್ಟು ಶಾಲು, ಎಷ್ಟು ಟವಲು, ಎಷ್ಟು ಪಂಚೆ, ಪ್ರಸಾದ ನಿಲಯದ ಮಕ್ಕಳಿಗೆ ಎಷ್ಟು ಸಮವಸ್ತ್ರ ಕೊಳ್ಳುತ್ತವೆ ಎಂಬುದನ್ನು ಒಮ್ಮೆ ಕೂಡಿಸಿ ನೋಡಿದವರುಂಟೇ? ಒಂದು ಮಠದ ಆರ್ಡರು ಒಂದು ನೇಕಾರ ಸಂಘದ ಆರು ತಿಂಗಳ ಕೆಲಸವಾಗಬಹುದು.

ಇಲ್ಲಿ ಇಬ್ಬರ ಆಕ್ಷೇಪ ಬರುತ್ತದೆ, ಎರಡರಲ್ಲೂ ತಿರುಳಿದೆ. ನಮ್ಮ ಗುಂಜಿಯವರು ಹೇಳುವುದು: ಆಷಾಢದ ಮಳೆಯಲ್ಲಿ ಖಾದಿ ಅಂಗಿ ಮೂರು ದಿನವಾದರೂ ಒಣಗುವುದಿಲ್ಲ, ಬೂಸು ಹಿಡಿಯುತ್ತದೆ, ಪಾಲಿಯೆಸ್ಟರ್ ರಾತ್ರಿ ಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ನಿಜ. ಗದ್ದೆಗೆ ಹೋಗುವ ತಾಯಿಗೆ ಖಾದಿಯನ್ನೇ ಉಡು ಎನ್ನುವ ಹಕ್ಕು ಯಾರಿಗೂ ಇಲ್ಲ. ಅವಳ ಸಿಂಥೆಟಿಕ್ ಸೀರೆ ಎಂಟು ವರ್ಷ ಬಾಳಿ, ಆಮೇಲೆ ಕೌದಿಯಾಗಿ ಮತ್ತೆಂಟು ವರ್ಷ ಬಾಳುತ್ತದೆ. ಹೊಳಪು ಚೀಟಿಯ ಸಾವಯವ ಅಂಗಿಯನ್ನು ನಾಲ್ಕು ಸಲ ಹಾಕಿ ಎಸೆಯುವ ನಮ್ಮ ಪಟ್ಟಣದ ಮಕ್ಕಳಿಗಿಂತ ಭೂಮಿಗೆ ಅವಳ ಭಾರ ಕಡಿಮೆ. ಇನ್ನೊಂದು ಆಕ್ಷೇಪ ವಡಗಾವಿ, ಖಾಸಬಾಗದ ನೇಕಾರ ಬಂಧುಗಳದ್ದು: “ನಾವು ಪವರ್‌ಲೂಮಿನವರು, ಕೈಮಗ್ಗ ಅಂದರ ನಮ್ಮ ಗತಿ ಏನ್ರಿ?” ಜೇಡರ ದಾಸಿಮಯ್ಯನವರ ಕಾಯಕವನ್ನೇ ಇವರೂ ಮಾಡುತ್ತಿರುವುದು, ಮಗ್ಗಕ್ಕೆ ವಿದ್ಯುತ್ತು ಬಂದಿದೆ ಅಷ್ಟೇ. ನನ್ನ ಅಭಿಪ್ರಾಯ ಖಚಿತವಾಗಿದೆ. ಕೈಮಗ್ಗವಲ್ಲದ್ದನ್ನು ಕೈಮಗ್ಗವೆಂದು ಮಾರಬಾರದು. ಪವರ್‌ಲೂಮೆಂದು ಹೇಳಿ, ನೇಯ್ದವನ ಮನೆ ತೋರಿಸಿ, ಅವನಿಗೆ ನ್ಯಾಯದ ದರ ಕೊಟ್ಟು ಮಾರಿದರೆ ಅದು ಸತ್ಯಶುದ್ಧ ಕಾಯಕ. ಯಂತ್ರವನ್ನು ನಾನು ಯಾಕೆ ದೂರಲಿ, ಬದುಕಿದ್ದೇ ಯಂತ್ರದ ಮೇಲೆ.

ಎಲ್ಲಕ್ಕಿಂತ ಅಗ್ಗದ ದಾರಿಯೊಂದಿದೆ, ಅದು ಕಡಿಮೆ ಕೊಳ್ಳುವುದು. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಹಿಂದಕ್ಕೆ ಕಳಿಸಿದಳು. ನಮ್ಮಲ್ಲಿ ಒಬ್ಬೊಬ್ಬ ಗಣ್ಯರ ಮನೆಯಲ್ಲಿ ಸನ್ಮಾನದ ಶಾಲುಗಳ ಒಂದು ಟ್ರಂಕೇ ಇದೆ. ಅದೇ ಶಾಲು ಮತ್ತೊಂದು ಸಮಾರಂಭದಲ್ಲಿ ಮತ್ತೊಬ್ಬರ ಹೆಗಲೇರಿ, ಊರು ಸುತ್ತಿ, ಒಮ್ಮೊಮ್ಮೆ ಮೊದಲು ಕೊಟ್ಟವರಿಗೇ ತಿರುಗಿ ಬಂದದ್ದನ್ನು ನಾನು ಬಲ್ಲೆ.

ನಮ್ಮ ಸಮಿತಿಯ ಮುಂದೆ ಹೋದ ತಿಂಗಳು ನಾನು ಇಟ್ಟ ಠರಾವು ಇಷ್ಟು. ಬರುವ ಶ್ರಾವಣಕ್ಕೆ 120 ಶಾಲು ಬೇಡ. ಹನ್ನೆರಡು ಜನ ಹಿರಿಯರಿಗೆ ನಮ್ಮ ಜಿಲ್ಲೆಯಲ್ಲೇ ಕುರಿ ಉಣ್ಣೆಯಿಂದ ನೇಯ್ದ ಕಂಬಳಿ. ಉಳಿದವರಿಗೆ ಖಾದಿ ಮಾರ್ಕ್ ಇರುವ ಸಂಘದಿಂದ ಒಂದೊಂದು ಕೈವಸ್ತ್ರ, ಬೇಕಾದರೆ ದೊಡ್ಡದು. ಇಷ್ಟಲಿಂಗದ ವಸ್ತ್ರಕ್ಕೂ ಶಿವದಾರಕ್ಕೂ ಹತ್ತಿಯೇ ಆಗಬೇಕು, ಬಿಲ್ಲಿನಲ್ಲಿ ನೂಲಿನ ಹೆಸರು ಬರೆಸಬೇಕು. ಬಂದ ಮಾಲಿನಿಂದ ಒಂದೆರಡು ಎಳೆ ಕಿತ್ತು ಸಮಿತಿಯ ಎದುರಿನಲ್ಲೇ ದೀಪಕ್ಕೆ ಹಿಡಿಯಬೇಕು. (ಒಂದು ಎಚ್ಚರಿಕೆ: ರೇಯಾನ್ ಕೂಡ ಹತ್ತಿಯಂತೆಯೇ ಉರಿಯುತ್ತದೆ. ಹಾಗಾಗಿ ದೀಪದ ಜೊತೆಗೆ ಬಿಲ್ಲೂ ಬೇಕು.) ಖರೀದಿಯ ಲೆಕ್ಕವನ್ನು, ಯಾವ ಸಂಘ, ಎಷ್ಟು ದರ ಎಂದು ಮಠದ ಹಲಗೆಯ ಮೇಲೆ ಹಚ್ಚಬೇಕು. ಪೂಜ್ಯರು ನಕ್ಕು, ನಿಮ್ಮ ಶಾಲಿನ ಬಿಲ್ಲನ್ನೂ ಹಚ್ಚೋಣವೇ ಎಂದು ಕೇಳಿದರು. ಹಚ್ಚಿರಿ ಎಂದೆ. ಠರಾವು ಮಂಜೂರಾಯಿತು, ಇಬ್ಬರು ಮಾತ್ರ ಖರ್ಚು ಹೆಚ್ಚಾಗುತ್ತದೆಂದು ಅಸಮ್ಮತಿ ಬರೆಸಿದರು. ಖರ್ಚು 11,400 ಮೀರಬಾರದೆಂಬ ಷರತ್ತು ಅವರದ್ದು, ನಾನು ಒಪ್ಪಿದ್ದೇನೆ, ಲೆಕ್ಕ ಇನ್ನೂ ಕೂಡುತ್ತಿಲ್ಲ.

ಇದನ್ನು ಓದುವ ಮಠಗಳಲ್ಲಿ ಯಾರಾದರೂ ಈಗಾಗಲೇ ನೇಕಾರ ಸಂಘಗಳಿಂದ ನೇರವಾಗಿ ಕೊಳ್ಳುತ್ತಿದ್ದರೆ ಸಂಘದ ಹೆಸರು, ಬಟ್ಟೆಯ ಬಗೆ, ದರ, ಎಷ್ಟು ದಿನದಲ್ಲಿ ಕೊಟ್ಟರು ಎಂಬುದನ್ನು ಪತ್ರಿಕೆಯ ಕಚೇರಿಗೆ ಬರೆದು ತಿಳಿಸಿ. ಮೋಸ ಹೋಗಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಂಚಿಕೆಯಿಂದ ಒಂದು ಪುಟವನ್ನು ಅದಕ್ಕೇ ಬಿಟ್ಟಿದ್ದೇವೆ.